ಬಾಝೋಡೀ: ಸೋಕಾ ಹಾಡಿನೊಳಗಿನ ಢೋಲಕ್

[ಪರದೆ: ಟ್ರಿನಿಡಾಡಿನ ಕಾರ್ನಿವಲ್ ಬೀದಿ, ಹಿನ್ನೆಲೆಯಲ್ಲಿ ಸೋಕಾ]

ತಲೆ ಗಿರ್ರೆಂದು ಏನೂ ತೋಚದಂತಾದರೆ ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಜನ ಅದಕ್ಕೆ ‘ಬಾಝೋಡೀ’ ಅನ್ನುತ್ತಾರೆ. 2016ರಲ್ಲಿ ತೆರೆಕಂಡ ಸಂಗೀತಮಯ ಪ್ರೇಮಕಥೆಯ ಸಿನಿಮಾದ ಹೆಸರೂ ಅದೇ. ಭಾರತೀಯ ಮೂಲದ ಅನಿತಾ ಮದುವೆಯ ಹೊಸ್ತಿಲಲ್ಲಿದ್ದಾಗ ಗಾಯಕ ಲೀ ಎದುರಾಗುತ್ತಾನೆ. ಲೀ ಆಗಿ ನಟಿಸಿದವರು ಸೋಕಾ, ಅಂದರೆ ಟ್ರಿನಿಡಾಡಿನ ಕಾರ್ನಿವಲ್ ಕುಣಿತದ ಸಂಗೀತದ ತಾರೆ ಮಶೆಲ್ ಮೊಂಟಾನೋ. ಕಬೀರ್ ಬೇಡಿಯೂ ಇದ್ದಾರೆ. ಕಥೆ ಎತ್ತ ಸಾಗುತ್ತೆ ಅಂತ ನೀವೇ ಊಹಿಸಬಹುದು. ಕಿವಿಗೊಡಬೇಕಾದ್ದು ತಾಳಕ್ಕೆ. ಆಫ್ರಿಕನ್ ಮತ್ತು ಭಾರತೀಯ ಮೂಲದವರ ನಂಟು ಆ ತಾಳದಲ್ಲಿ ಸಿನಿಮಾಗಿಂತ ನಾಲ್ಕು ದಶಕ ಮೊದಲೇ ಕೂಡಿಬಂದಿತ್ತು.

[ಪರದೆ: ಹಾಯಿಹಡಗು, ಕಬ್ಬಿನ ಗದ್ದೆ]

1845ರ ಮೇ 30. ಕಲ್ಕತ್ತಾದಿಂದ ಹೊರಟ ‘ಫಾತೆಲ್ ರಜಾಕ್’ ಹಡಗು ಕರಾರು ಕೂಲಿಗಳನ್ನು ಟ್ರಿನಿಡಾಡಿಗೆ ತಲುಪಿಸಿತು. ಆ ಪದ್ಧತಿ 1917ರವರೆಗೆ ನಡೆಯಿತು. ಹೋದವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಮದುವೆಮನೆಯ ಹಾಡುಗಳೇ ಮುಂದೆ ‘ಚಟ್ನಿ’ ಸಂಗೀತವಾದವು.

ಭಾರತೀಯರು ಹೆಚ್ಚಿದ್ದ ಹಳ್ಳಿಗಾಡಿನಲ್ಲಿ ಬೆಳೆದ ಲಾರ್ಡ್ ಶಾರ್ಟಿ, ಟ್ರಿನಿಡಾಡಿನ ಆಫ್ರಿಕನ್ ಮೂಲದ ಹಾಡುಪ್ರಕಾರ ಕ್ಯಾಲಿಪ್ಸೋದ ಗಾಯಕ. 1970ರ ದಶಕದ ಆರಂಭದಲ್ಲಿ ಅವರು ಢೋಲಕ್ಕನ್ನೂ ಧಂತಾಲ್ ಎಂಬ ಲೋಹದ ತಾಳವಾದ್ಯವನ್ನೂ ಕ್ಯಾಲಿಪ್ಸೋಗೆ ತಂದರು. ಇದು ಕ್ಯಾಲಿಪ್ಸೋನೇ ಅಲ್ಲ, ಭಾರತೀಯರ ಹಾಡು ಅಂತ ಟೀಕೆ ಬಂತು. ಶಾರ್ಟಿ ವಾದ್ಯ ಬಿಟ್ಟರು, ತಾಳ ಬಿಡಲಿಲ್ಲ. ಅದೇ ಪೆಟ್ಟುಗಳನ್ನು ಡ್ರಮ್ಸ್, ಗಿಟಾರ್‌ಗಳಿಗೆ ಹಂಚಿದರು. ಹೀಗೆ ಹುಟ್ಟಿದ್ದೇ ಸೋಕಾ. ಸೋಕಾ ಅಂದರೆ ಅಮೆರಿಕದ ಸೋಲ್ ಸಂಗೀತ ಮತ್ತು ಕ್ಯಾಲಿಪ್ಸೋ ಬೆರಕೆ ಅಂತ ಈಗಲೂ ಹೇಳುವವರಿದ್ದಾರೆ. ಶಾರ್ಟಿ ಕೊಟ್ಟ ವಿವರಣೆ ಬೇರೆ: ಕೊನೆಯ ‘ಕಾ’ ನಮ್ಮ ವರ್ಣಮಾಲೆಯ ‘ಕ’. ಎಂಥ ಗೌರವ!

[ಪರದೆ: ಧಂತಾಲ್, ತೀರಾ ಹತ್ತಿರದಿಂದ]

ಧಂತಾಲ್ ಎಂದರೆ ಸುಮಾರು ಮೂರೂವರೆ, ನಾಲ್ಕು ಅಡಿಯ ಉಕ್ಕಿನ ಸರಳು. ಬುಡ ನೆಲಕ್ಕೆ ಊರಿರುತ್ತೆ. ಎಡಗೈ ಸರಳನ್ನು ಹಿಡಿದರೆ ಬಲಗೈಲಿ ಕುದುರೆ ಲಾಳದಾಕಾರದ ಬಡಿಗೆ. ನುಡಿಸೋದು ಬಲಗೈ, ಆದರೆ ಗುಟ್ಟಿರೋದು ಎಡಗೈಲಿ. ಹಿಡಿತ ಸಡಿಲಿಸಿ ಹೊಡೆದರೆ ‘ಟಿಂ’, ಬಿಗಿಮಾಡಿ ಹೊಡೆದರೆ ‘ಟಕ’. ಒಂದು ಉದ್ದ, ಎರಡು ಗಿಡ್ಡ: ಟಿಂ-ಟಕ, ಟಿಂ-ಟಕ.

ಹೊಸಬರು ಇಲ್ಲೇ ಎಡವುತ್ತಾರೆ. ಮುಷ್ಟಿ ಬಿಚ್ಚದಿದ್ದರೆ ಬರೀ ಕಬ್ಬಿಣ ಕುಟ್ಟಿದ ಸದ್ದು. ಬಿಚ್ಚಿದ್ದನ್ನು ಮುಚ್ಚದಿದ್ದರೆ ಝೇಂಕಾರ ಮುಂದಿನ ಪೆಟ್ಟಿನ ಮೇಲೂ ಹರಡಿ ಢೋಲಕ್ಕಿನ ಪೆಟ್ಟಿನ ನುಡಿ ಮಸುಕಾಗುತ್ತೆ.

[ಪರದೆ: ಹೆಡ್‌ಫೋನ್]

ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರಿನಲ್ಲಿ ಬೇಸ್ ಉಳಿಯೋದಿಲ್ಲ. ನಿಮಿಷಕ್ಕೆ 160ರ ಆಸುಪಾಸು ಪೆಟ್ಟುಗಳ, ‘ಪವರ್ ಸೋಕಾ’ ಎಂಬ ವೇಗದ ಬಗೆಯಿಂದ ಶುರುಮಾಡಬೇಡಿ, ಅಲ್ಲಿ ಎಲ್ಲಾ ಒಂದರ ಮೇಲೊಂದು ಓಡುತ್ತೆ. ನಿಧಾನದ ಗ್ರೂವಿ ಸೋಕಾ ಹಾಕಿ. ಮೊದಲ ಸಲ ಹಾಡಿನ ಮಾತುಗಳಿಗೆ ಗಮನ ಕೊಡದೆ ಬೇಸ್ ಡ್ರಮ್ ಮಾತ್ರ ಹಿಡಿಯಿರಿ, ಎರಡನೇ ಸಲ ಮೇಲಿನ ಲೋಹದ ಸದ್ದು. ಆಮೇಲೆ ಮೊಂಟಾನೋ ಅವರು ಚಟ್ನಿ ಗಾಯಕಿ ದ್ರೌಪತೀ ರಾಮ್‌ಗುನಾಯ್ ಜೊತೆ ಹಾಡಿದ ‘ರಿಯಲ್ ಯೂನಿಟಿ’ ಕೇಳಿ. ‘ಚಟ್ನಿ ಸೋಕಾ’ ಎಂಬ ಹೆಸರೇ ಈಕೆಯ 1987ರ ಹಾಡಿನಿಂದ ಬಳಕೆಗೆ ಬಂದದ್ದು. ಕೇಳುತ್ತಾ ತೊಡೆ ಮೇಲೆ ಟಿಂ-ಟಕ ತಟ್ಟಿ ನೋಡಿ.

[ಪರದೆ: ಧಂತಾಲ್ ಮೇಲೆ ಬಿಚ್ಚಿ ಮುಚ್ಚುವ ಎಡಗೈ. ಸದ್ದು ಮುಂದುವರಿಯುತ್ತದೆ]