ಗ್ಯಾರೇಜ್ ಸಾಲದೇ? ಸಣ್ಣ ಬಯೋಟೆಕ್ ಕಂಪನಿಗೆ ಪಾರ್ಕ್ ಏಕೆ ಬೇಕು?

ನಮಸ್ಕಾರ. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಆರಂಭಿಸಿದರಲ್ಲವೇ, ಹಾಗಿದ್ದ ಮೇಲೆ ಇಂದಿನ ಸಣ್ಣ ಕಂಪನಿಗಳಿಗೆ ಸರ್ಕಾರ ಬಯೋಟೆಕ್ ಪಾರ್ಕ್, ಅಂದರೆ ಹಲವು ಕಂಪನಿಗಳು ಪ್ರಯೋಗಾಲಯ, ಯಂತ್ರಗಳನ್ನು ಹಂಚಿಕೊಳ್ಳುವ ಜಾಗ, ಕಟ್ಟಿಕೊಡುವುದೇಕೆ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ.

ಪ್ರಶ್ನೆ ನ್ಯಾಯವಾದುದೇ. ಆದರೆ ಬಯೋಕಾನ್ ಆರಂಭದಲ್ಲಿ ತಯಾರಿಸಿದ್ದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್‌ನಂಥ ಕಿಣ್ವಗಳನ್ನು. ಜೀವಕೋಶಗಳನ್ನು ಬೆಳೆಸಿ ಔಷಧ ಹುಡುಕುವ ಇಂದಿನ ತಂಡಕ್ಕೆ ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು, ಅದಕ್ಕೆ ಒಂದು ಕ್ಷಣವೂ ಕೈಕೊಡದ ವಿದ್ಯುತ್ ಬೇಕು, ಜೊತೆಗೆ ಅಣುಗಳನ್ನು ತೂಕದಿಂದ ಗುರುತಿಸುವ, ಕೋಟಿಗಳ ಬೆಲೆಯ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಆದರೆ ಕಲ್ಪನೆಯ ಹಂತದಲ್ಲಿರುವ ಉದ್ಯಮಕ್ಕೆ ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್ ಕೊಡುವ 'ಬಿಗ್' ಅನುದಾನದ ಮಿತಿ 50 ಲಕ್ಷ ರೂಪಾಯಿ. ಯಂತ್ರ ಕೊಂಡರೆ ಸಂಶೋಧನೆಗೆ ಹಣವಿಲ್ಲ, ಸಂಶೋಧನೆಗೆ ಇಳಿದರೆ ಯಂತ್ರವಿಲ್ಲ.

ಇಲ್ಲಿ ನನಗೆ ನೆನಪಾಗುವುದು ನಮ್ಮ ಊರುಗಳ ಹಿಟ್ಟಿನ ಗಿರಣಿ. ಯಾರೂ ಮನೆಮನೆಗೊಂದು ಗಿರಣಿ ಇಟ್ಟುಕೊಳ್ಳುವುದಿಲ್ಲ. ಡಬ್ಬ ಹೊತ್ತು ಹೋಗಿ, ಸರದಿಯಲ್ಲಿ ನಿಂತು, ಬೀಸಿದಷ್ಟಕ್ಕೆ ಕಾಸು ಕೊಟ್ಟು ಬರುತ್ತೇವೆ. 2009ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸ್ಥಾಪನೆಯಾದ ಸಿ-ಕ್ಯಾಂಪ್ ಎಂಬ ಬಯೋಟೆಕ್ ಕೇಂದ್ರ ಮಾಡುತ್ತಿರುವುದೂ ಬಹುಮಟ್ಟಿಗೆ ಇದನ್ನೇ. ಆದರೆ ರಾಗಿ ಬೀಸಿದ ಕಲ್ಲಿಗೆ ತಕ್ಷಣ ಅಕ್ಕಿ ಸುರಿದರೆ ಹಿಟ್ಟಿಗೆ ಬಣ್ಣ ಬರುತ್ತದೆಂದು ಗಿರಣಿಯವನಿಗೆ ಗೊತ್ತಿರುವುದರಿಂದ, ಅವನು ಮೊದಲು ಒಂದು ಹಿಡಿ ಅಕ್ಕಿ ಹಾಕಿ ಕಲ್ಲನ್ನು ತೊಳೆಸುತ್ತಾನೆ. ಪ್ರಯೋಗಾಲಯದಲ್ಲಿ ಈ ಬೆರಕೆ ಕಣ್ಣಿಗೆ ಕಾಣುವುದೂ ಇಲ್ಲ: ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಬೇರೆ ಕೋಶಗಳ ತಟ್ಟೆಗಳಿಗೆ ಸದ್ದಿಲ್ಲದೆ ನುಗ್ಗಿ, ವರ್ಷಗಟ್ಟಲೆ ಸಂಶೋಧಕರ ದಾರಿ ತಪ್ಪಿಸಿದ ಉದಾಹರಣೆಗಳಿವೆ. ಆದ್ದರಿಂದ ಪಾರ್ಕಿನ ನಿಜವಾದ ಆಸ್ತಿ ಯಂತ್ರವಲ್ಲ, ಅದನ್ನು ಶುಚಿಯಾಗಿಟ್ಟು, ಸರದಿ ನಿಭಾಯಿಸುವ ತಂತ್ರಜ್ಞರು ಎಂಬುದು ನನ್ನ ಅಭಿಪ್ರಾಯ. ಉದ್ಘಾಟನೆಯ ಫೋಟೋಗಳಲ್ಲಿ ಮಾತ್ರ ಸದಾ ಯಂತ್ರವೇ ಇರುತ್ತದೆ.

ಗಿರಣಿಯಲ್ಲೇ ಸಮಯ ಕಳೆದುಹೋದುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕುಲಾಂತರಿ, ಅಂದರೆ ವಂಶವಾಹಿ ಬದಲಿಸಿದ, ಜೀವಿಗಳೊಡನೆ ಕೆಲಸ ಮಾಡುವ ಸಂಸ್ಥೆಗೆ ಜೈವಿಕ ಸುರಕ್ಷತಾ ಸಮಿತಿ ಇರಬೇಕೆಂದು 1989ರ ನಿಯಮಗಳು ಹೇಳುತ್ತವೆ. ನಾಲ್ಕೇ ಜನರ ಕಂಪನಿಗೆ ಇಂಥ ವಿಷಯದಲ್ಲಿ ಪಾರ್ಕಿನ ಆಸರೆ ದೊಡ್ಡದು. ಜೈವಿಕ ತ್ಯಾಜ್ಯದ ವಿಲೇವಾರಿ, ಪೇಟೆಂಟ್ ಸಲಹೆ, ಹೂಡಿಕೆದಾರರ ಪರಿಚಯಗಳೂ ಅಲ್ಲಿ ಸಿಗುತ್ತವೆ. ಹೈದರಾಬಾದಿನ ಜೀನೋಮ್ ವ್ಯಾಲಿ ಎಂಬ ಬಯೋಟೆಕ್ ವಲಯದಲ್ಲಿರುವ ಐಕೆಪಿ ನಾಲೆಡ್ಜ್ ಪಾರ್ಕ್ ನಮಗಿಂತ ಮೊದಲೇ, 1999ರಲ್ಲೇ ಈ ದಾರಿ ಹಿಡಿದಿತ್ತು.

ಹಂಚಿಕೊಳ್ಳುವುದಕ್ಕೆ ಇನ್ನೊಂದು ಮುಖವೂ ಇದೆ. 2025ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ, ಇಂಥದೇ ಹಂಚಿಕೆಯ ಕೇಂದ್ರವಾದ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಭಾರಿ ಹಾನಿಯಾಯಿತು. ಗಿರಣಿಗೆ ಬೆಂಕಿ ಬಿದ್ದರೆ ಸರದಿಯಲ್ಲಿಟ್ಟ ಎಲ್ಲರ ಡಬ್ಬಗಳೂ ಸುಡುತ್ತವೆ. ಸುಟ್ಟ ಯಂತ್ರಕ್ಕೆ ವಿಮೆ ಬರಬಹುದು, ಆದರೆ ಮೂರು ವರ್ಷ ಸಾಕಿದ ಜೀವಕೋಶಗಳ ಇನ್ನೊಂದು ಪ್ರತಿ ಬೇರೆ ಕಟ್ಟಡದ ಫ್ರೀಜರಿನಲ್ಲಿ ಇಲ್ಲದಿದ್ದರೆ ಆ ಕಂಪನಿ ಮತ್ತೆ ಮೊದಲ ದಿನಕ್ಕೇ ಹೋಗಿ ನಿಲ್ಲಬೇಕಾಗುತ್ತದೆ.