ಹಳೆಯ ಜೀಪಿನ ಹಿಂದಿನ ಗಾಲಿಯಲ್ಲಿ ಬ್ರೇಕ್ ಆಯಿಲ್ ಸೋರಿಕೆ

ನಮಸ್ಕಾರ ಸ್ನೇಹಿತರೇ. ಧಾರವಾಡದ ನಮ್ಮ ಮನೆಯ ಅಂಗಳದಲ್ಲಿ ನಿಂತಿರುವ ಈ ಮಹೀಂದ್ರ ಜೀಪು 1980ರ ದಶಕದ್ದು. ಇದರ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಆಯಿಲ್ ಲೈನು. ಆದ್ದರಿಂದ ಒಂದು ಗಾಲಿಯಲ್ಲಿ ಸೋರಿದರೂ ಇಡೀ ಗಾಡಿಯ ಬ್ರೇಕ್ ಹೋಗುತ್ತದೆ. ಕಳೆದ ವಾರ ಅಣ್ಣಿಗೇರಿಯಿಂದ ಮರಳುವಾಗ ಮೊದಲ ತುಳಿತಕ್ಕೆ ಪೆಡಲ್ ತಳಕ್ಕಿಳಿದು, ಎರಡನೆಯ ತುಳಿತಕ್ಕೆ ಹಿಡಿಯಿತು. ಅಂದಿನಿಂದ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆದಿಲ್ಲ.

ಎಡಗಡೆಯ ಹಿಂದಿನ ಗಾಲಿಯ ಒಳಮೈ ಒದ್ದೆಯಾಗಿರುವುದು ವಿಡಿಯೊದಲ್ಲಿ ನಿಮಗೆ ಕಾಣುತ್ತಿದೆ. ಆದರೆ ಒದ್ದೆಯಾದದ್ದೆಲ್ಲ ಬ್ರೇಕ್ ಆಯಿಲ್ ಅಲ್ಲ, ಅಚ್ಚಿನ ಎಣ್ಣೆಯನ್ನು ತಡೆಯುವ ಆಕ್ಸಲ್ ಸೀಲ್ ಹೋದರೆ ಗೇರ್ ಆಯಿಲ್ ಕೂಡ ಇದೇ ಜಾಗಕ್ಕೆ ಬರುತ್ತದೆ. ಅದಕ್ಕಾಗಿಯೇ ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟು ನೋಡಿದೆ. ಗೇರ್ ಆಯಿಲ್ ಆಗಿದ್ದರೆ ಮೇಲೆ ತೇಲುತ್ತಿತ್ತು. ಇದು ನೀರಿನಲ್ಲಿ ಬೆರೆತುಹೋಯಿತು. ಅಂದರೆ ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರ್ ಸೋರುತ್ತಿದೆ.

ಡ್ರಮ್ ಬಿಚ್ಚಿದ್ದಾಯಿತು. ಸಿಲಿಂಡರಿನ ಧೂಳುಗವಸು ಹರಿದಿದೆ, ಒಳಗೆ ಎರೆಮಣ್ಣು ಗಟ್ಟಿಯಾಗಿ ಕೂತಿದೆ. ಕೆಂಪು ಮಸಾರಿ ಮಣ್ಣು ಒಣಗಿದರೆ ಉದುರುತ್ತದೆ, ಎರೆಮಣ್ಣು ಹಾಗಲ್ಲ, ಅಂಟಿಕೊಂಡು ಮಳೆಗಾಲವಿಡೀ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲದ ದಾರಿಗೆ ಹೋಗಿ ಬಂದವರು ಗಾಲಿಯ ಒಳಮೈಯನ್ನೂ ತೊಳೆಯಲೇಬೇಕು.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಇದೇ ಸಿಲಿಂಡರಿನ ರಬ್ಬರ್ ವಾಷರುಗಳನ್ನು ಹೋದ ವರ್ಷವೇ ಒಂದು ಗ್ಯಾರೇಜಿನಲ್ಲಿ ಬದಲಾಯಿಸಿದ್ದೆ. ಅಲ್ಲಿಯ ಹುಡುಗ ಭಾಗಗಳನ್ನು ಡೀಸೆಲ್‌ನಲ್ಲಿ ಅದ್ದಿ, ಒರೆಸಿ, ಮೇಲೆ ತುಸು ಗ್ರೀಸ್ ಸವರಿ ಜೋಡಿಸಿದ. ನಾನು ಪಕ್ಕದಲ್ಲಿಯೇ ನಿಂತಿದ್ದೆ, ತಡೆಯಲಿಲ್ಲ. ಎರಡು ತಿಂಗಳೊಳಗೆ ಆ ರಬ್ಬರ್ ಉಬ್ಬಿ, ಪಿಸ್ಟನ್ ಹಿಂದಕ್ಕೆ ಸರಿಯದೆ, ಗಾಲಿ ಬಿಸಿಯಾಗತೊಡಗಿತು. ನಾವೆಲ್ಲರೂ ಬ್ರೇಕಿನ ದ್ರವವನ್ನು ಬ್ರೇಕ್ ಆಯಿಲ್ ಎನ್ನುತ್ತೇವೆ, ಆ ಹೆಸರೇ ತಪ್ಪು ದಾರಿಗೆ ಎಳೆಯುತ್ತದೆ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವ ಈ ದ್ರವ ಗ್ಲೈಕಾಲ್ ಜಾತಿಯದು, ಎಣ್ಣೆಯಲ್ಲ. ಇದಕ್ಕೆ ಹೊಂದುವ ರಬ್ಬರ್ ಡೀಸೆಲ್, ಪೆಟ್ರೋಲ್, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಯಾವುದನ್ನೂ ತಾಳುವುದಿಲ್ಲ. ಸಿಲಿಂಡರನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿಯೇ ತೊಳೆಯಬೇಕು, ಜೋಡಿಸುವಾಗಲೂ ಅದನ್ನೇ ಸವರಬೇಕು. ಯಾರ ಗ್ಯಾರೇಜಿಗೆ ಹೋದರೂ ಈ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಿ.

ಈ ಸಲವೂ ರಬ್ಬರ್ ವಾಷರುಗಳ ಕಿಟ್ ಹಾಕಿದರೆ ಸಾಕೆಂದು ಬೆಳಿಗ್ಗೆ ನಾನೇ ಹೇಳಿದ್ದೆ. ಈಗ ಟಾರ್ಚ್ ಬಿಟ್ಟು ನೋಡಿದರೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ತಿಂದ ಗುಳಿಗಳಿವೆ, ಉಗುರಿಗೆ ತಡೆಯುತ್ತವೆ. ಇದರಲ್ಲಿ ಎಂಥ ರಬ್ಬರ್ ಹಾಕಿದರೂ ಸೋರುತ್ತದೆ. ಆದ್ದರಿಂದ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹುಬ್ಬಳ್ಳಿಗೆ ಹೋಗಿ ಇಡೀ ಸಿಲಿಂಡರನ್ನೇ ತಂದೆ. ಆಯಿಲ್ ಸೋರಿ ನೆನೆದ ಲೈನರ್, ಅಂದರೆ ಡ್ರಮ್ಮಿಗೆ ಉಜ್ಜುವ ಶೂಗಳ ಮೇಲ್ಪದರ, ಎಷ್ಟು ಒರೆಸಿದರೂ ನಂಬಿಕೆಗೆ ಯೋಗ್ಯವಲ್ಲ. ಒಂದೇ ಕಡೆಯದನ್ನು ಬದಲಾಯಿಸಿದರೆ ಗಾಡಿ ಪಕ್ಕಕ್ಕೆ ಎಳೆಯುವುದರಿಂದ ಎರಡೂ ಹಿಂದಿನ ಗಾಲಿಗಳ ಶೂಗಳು ಹೊಸವು.

ಇನ್ನು ಲೈನಿನೊಳಗೆ ಸೇರಿದ ಏರ್ ತೆಗೆಯುವುದು. ಪೆಡಲ್ ತುಳಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಗಾಲಿ ಇದೇ ಆದ್ದರಿಂದ ಇಲ್ಲಿಂದಲೇ ಆರಂಭ. ನನ್ನ ತಮ್ಮ ಪೆಡಲ್ ಮೇಲೆ ಕಾಲಿಟ್ಟು ಕೂತಿದ್ದಾನೆ. "ಒತ್ತಿ ಹಿಡಿ, ನಾ ಹೇಳೂತನಕ ಬಿಡಬ್ಯಾಡ" ಎಂದು ಪ್ರತಿ ಸಲವೂ ಕೂಗುತ್ತಿರುವುದು ಸಿಟ್ಟಿನಿಂದಲ್ಲ. ಗಾಳಿ ಹೊರಬಿಡುವ ನಿಪ್ಪಲ್ ಮುಚ್ಚುವ ಮೊದಲೇ ಅವನು ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ಲೈನಿಗೆ ಆಯಿಲ್ ಒದಗಿಸುವ ಮೇಲಿನ ಡಬ್ಬಿ ಬರಿದಾಗದಂತೆಯೂ ನೋಡಿಕೊಳ್ಳಬೇಕು. ಅಯ್ಯೋ, ಮಡ್‌ಗಾರ್ಡ್ ಮೇಲೆ ಚೆಲ್ಲಿತು. ಇದು ಬಣ್ಣವನ್ನು ತಿನ್ನುತ್ತದೆ, ಮೊದಲು ನೀರು ಹಾಕುತ್ತೇನೆ.

ಗುಳ್ಳೆಗಳು ನಿಂತವು. ಶೂ ಅಡ್ಜಸ್ಟ್ ಮಾಡಿದ ಮೇಲೆ ಪೆಡಲ್ ಮೊದಲ ತುಳಿತಕ್ಕೇ ಗಟ್ಟಿಯಾಗಿ ನಿಲ್ಲುತ್ತಿದೆ. ಪೂರ್ತಿ ಬಲ ಹಾಕಿ ಒಂದು ನಿಮಿಷ ಒತ್ತಿ ಹಿಡಿದರೂ ಕೆಳಗಿಳಿಯಲಿಲ್ಲ. ರಾತ್ರಿ ಗಾಲಿಯ ಕೆಳಗೆ ರಟ್ಟು ಹಾಸಿಟ್ಟಿದ್ದೆ. ಬೆಳಿಗ್ಗೆ ಆರು ಗಂಟೆಗೆ ತೆಗೆದ ದೃಶ್ಯ ಇದು. ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಅಂಗಳದಲ್ಲಿ ಎರಡು ಸುತ್ತು ನಿಧಾನವಾಗಿ ಓಡಿಸಿ, ಆಮೇಲೆ ಗೇಟು ತೆರೆಯುತ್ತೇನೆ.