ಕೆರೆಯ ತೂಬು, ಕರುಳಿನ ತೂಬು

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಮಕ್ಕಳಿಗೆ ಭೇದಿ ಶುರುವಾದರೆ ನೀರು ಕೊಡಬಾರದು. ಕುಡಿದಷ್ಟೂ ಹೋಗುತ್ತದೆ, ಹೊಟ್ಟೆಗೆ ಏನೂ ಬೀಳದಿದ್ದರೆ ಹೋಗುವುದಕ್ಕೂ ಏನೂ ಇರಲ್ಲ, ಇದು ಅಜ್ಜಿಯ ಲೆಕ್ಕ. ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಅಜ್ಜಿ ಉಪ್ಪು ಹಾಕಿದ ಗಂಜಿ ತಿಳಿಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿದ್ದರು. ನೀರಿನ ವಿಷಯದಲ್ಲಿ ಅವರು ಪೂರ್ತಿ ತಪ್ಪು. ಗಂಜಿಯ ವಿಷಯದಲ್ಲಿ ಪೂರ್ತಿ ಸರಿ. ಈ ಎರಡಕ್ಕೂ ಕಾರಣ ಕರುಳಿನ ಒಳಗೋಡೆಯಲ್ಲಿ, ಬರಿಗಣ್ಣಿಗೆ ಕಾಣದ ಜೀವಕೋಶಗಳ ಒಳಗೆ ಇದೆ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಉದಾಹರಣೆಗೆ ಕಾಲರಾವನ್ನೇ ತೆಗೆದುಕೊಳ್ಳುತ್ತೇನೆ. ಜೀವಕೋಶ ಹೇಗೆ ಮಾತು ಕೇಳಿಸಿಕೊಳ್ಳುತ್ತದೆ, ಆ ಮಾತು ಎಲ್ಲಿ ಕೆಡುತ್ತದೆ ಅಂತ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಕಾಯಿಲೆ ನನಗೆ ಗೊತ್ತಿಲ್ಲ.

ಕಾಲರಾ ಜೋರಾಗಿ ಬಂದವರ ಮೈಯಿಂದ ಗಂಟೆಗೆ ಒಂದು ಲೀಟರ್ ತನಕ ನೀರು ಹೋಗಬಹುದು. ಬೆಳಿಗ್ಗೆ ಹೊಲಕ್ಕೆ ಹೋದವರು ರಾತ್ರಿಯೊಳಗೆ ಇಲ್ಲವಾಗುತ್ತಿದ್ದದ್ದು ಹೀಗೆ. ಹೋಗುವ ಭೇದಿ ನೋಡಲು ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ ಇರುತ್ತದೆ. ರಕ್ತ ಇಲ್ಲ, ಕೀವು ಇಲ್ಲ, ಬಹಳ ಸಲ ಜ್ವರವೂ ಇಲ್ಲ. ಇಷ್ಟೊಂದು ನೀರು ಎಲ್ಲಿಂದ ಬರುತ್ತದೆ? ರೋಗಿ ಕುಡಿದದ್ದಂತೂ ಅಲ್ಲ, ಅಷ್ಟು ಯಾರೂ ಕುಡಿದಿರುವುದಿಲ್ಲ. ಅದು ರಕ್ತದ ನೀರು. ಕರುಳಿನ ಕೋಶಗಳೇ ಅದನ್ನು ಒಳಗಿನಿಂದ ಹೊರಗೆ ಹಾಯಿಸುತ್ತವೆ.

ಹಾಯಿಸುವುದು ಅವುಗಳ ದಿನನಿತ್ಯದ ಕೆಲಸವೇ. ಆರೋಗ್ಯವಾಗಿರುವ ಮನುಷ್ಯನ ಕರುಳಿನಲ್ಲಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಓಡಾಡುತ್ತದೆ. ಅದರಲ್ಲಿ ನಾವು ತಿಂದು ಕುಡಿದದ್ದು ಸುಮಾರು ಎರಡು ಲೀಟರ್ ಅಷ್ಟೇ. ಉಳಿದದ್ದು ಜೊಲ್ಲು, ಜಠರದ ರಸ, ಪಿತ್ತ, ಕರುಳಿನ ರಸ. ಅಷ್ಟನ್ನೂ ಕರುಳು ವಾಪಸ್ ಹೀರಿಕೊಂಡು, ಕೊನೆಗೆ ಮಲದಲ್ಲಿ ಹೊರಗೆ ಹೋಗುವುದು ಒಂದು ದೊಡ್ಡ ಲೋಟದಷ್ಟೂ ಇರುವುದಿಲ್ಲ. ಬಿಡುವುದು, ಹೀರುವುದು. ಈ ಎರಡರ ನಡುವಿನ ತೂಕ ತಪ್ಪಿದರೆ ಜೀವಕ್ಕೇ ಅಪಾಯ.

ಮೊದಲು ಹೀಗೆ ಯಾರೂ ಯೋಚಿಸಿರಲಿಲ್ಲ. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾಗೆ ಬಂದು ಕಾಲರಾ ರೋಗಾಣುವನ್ನು ಗುರುತಿಸಿದರು, ಅದಕ್ಕಿಂತ 30 ವರ್ಷ ಹಿಂದೆಯೇ ಇಟಲಿಯ ಫಿಲಿಪ್ಪೊ ಪಾಚಿನಿ ಅದನ್ನು ನೋಡಿದ್ದರು. ರೋಗಾಣು ಏನೋ ಒಂದು ವಿಷ ಬಿಡುತ್ತದೆ ಅಂತ ಕಾಕ್ ಊಹಿಸಿದ್ದರು ಕೂಡ. ಆದರೆ ಆ ವಿಷ ಮುಂದಿನ 75 ವರ್ಷ ಯಾರ ಕೈಗೂ ಸಿಗಲಿಲ್ಲ. ಹುಡುಕಿದವರು ಪ್ರಾಣಿಗಳ ರಕ್ತಕ್ಕೆ ಚುಚ್ಚಿದರು, ಹೊಟ್ಟೆಯ ಪೊರೆಯೊಳಗೆ ಚುಚ್ಚಿದರು, ಪ್ರಾಣಿ ಸಾಯುತ್ತದೆಯೋ ಇಲ್ಲವೋ ಅಂತ ಕಾದರು. ಕರುಳಿನ ಒಳಪದರವೇ ಸುಲಿದು ಹೋಗುತ್ತದೆ, ಅದಕ್ಕೇ ನೀರು ಸೋರುತ್ತದೆ ಅಂತಲೂ ಬಹಳ ಜನ ನಂಬಿದ್ದರು.

ಕಲ್ಕತ್ತಾದ ಶಂಭುನಾಥ್ ಡೇ ಬೇರೆ ದಾರಿ ಹಿಡಿದರು. ಕಾಯಿಲೆ ಇರುವುದು ಕರುಳಿನಲ್ಲಿ, ಹಾಗಾದರೆ ನೋಡಬೇಕಾದದ್ದೂ ಕರುಳಿನಲ್ಲೇ. ಇಷ್ಟು ಸರಳ. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ದೇಹದ ಒಳಗೇ ಎರಡೂ ಕಡೆ ದಾರದಿಂದ ಕಟ್ಟಿ, ಮಧ್ಯದ ಜಾಗಕ್ಕೆ ರೋಗಾಣು ಹಾಕಿ, ಹೊಟ್ಟೆ ಹೊಲಿದು, ಮರುದಿನ ತೆರೆದು ನೋಡಿದರು. ಕಟ್ಟಿದ ತುಂಡು ನೀರು ತುಂಬಿ ಉಬ್ಬಿ ನಿಂತಿತ್ತು. ಇದು 1953. ಆಮೇಲೆ 1959ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೇ ಒಂದು ರೋಗಾಣುವೂ ಇಲ್ಲದ ಹಾಗೆ ಮಾಡಿ, ಆ ನೀರನ್ನಷ್ಟೇ ಹಾಕಿದರು. ಆಗಲೂ ಕರುಳು ಉಬ್ಬಿತು. ವಿಷ ಸಿಕ್ಕಿತು. ‘ನೇಚರ್’ ಪತ್ರಿಕೆಯಲ್ಲಿ ಅದು ಪುಟ್ಟ ಲೇಖನವಾಗಿ ಬಂತು.

ಅದೇ ಹೊತ್ತಿನಲ್ಲಿ ರೋಗಿಗಳ ಕರುಳಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಳಪದರ ಸುಲಿದಿರಲಿಲ್ಲ ಅನ್ನುವುದೂ ಗೊತ್ತಾಯಿತು. ಕೋಶಗಳೆಲ್ಲ ಇದ್ದ ಜಾಗದಲ್ಲೇ ಇದ್ದವು, ಬದುಕಿದ್ದವು, ಕೆಲಸವನ್ನೂ ಮಾಡುತ್ತಿದ್ದವು. ಆದರೆ ತಪ್ಪು ಆಜ್ಞೆ ಕೇಳಿ ಕೆಲಸ ಮಾಡುತ್ತಿದ್ದವು. ನನಗೆ ಈ ಕಥೆಯಲ್ಲಿ ಮೈ ಜುಮ್ಮೆನ್ನಿಸುವ ಜಾಗ ಇದು. ಕೋಶ ಹಾಳಾಗಿಲ್ಲ, ಅದರ ಮಾತು ಹಾಳಾಗಿದೆ.

ಹಾಗಾದರೆ ಕೋಶಕ್ಕೆ ಮಾತು ಹೇಗೆ ತಲುಪುತ್ತದೆ?

ನಮ್ಮ ಕಡೆ ಹಳೆ ಕೆರೆಗಳಿಗೆ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರಲ್ಲ, ಅವರನ್ನು ನೆನಪು ಮಾಡಿಕೊಳ್ಳಿ. ಊರಿನಿಂದ ಹೇಳಿಕೆ ಬರುತ್ತದೆ. ನೀರುಗಂಟಿ ಹೋಗಿ ತೂಬು ಎತ್ತುತ್ತಾನೆ. ಹೊಲಕ್ಕೆ ಬೇಕಾದಷ್ಟು ನೀರು ಹೋದಮೇಲೆ, ಯಾರೂ ಹೇಳದಿದ್ದರೂ ತಾನೇ ತೂಬು ಮುಚ್ಚುತ್ತಾನೆ. ಆ ಕೊನೆಯ ಮಾತು ಮುಖ್ಯ. ತೆರೆಯಲು ಆಜ್ಞೆ ಬೇಕು, ಮುಚ್ಚಲು ಬೇಡ.

ಜೀವಕೋಶದಲ್ಲೂ ಹಾಗೇ. ಹೊರಗಿನಿಂದ ಬಂದ ಹಾರ್ಮೋನು ಕೋಶದ ಪೊರೆಯ ಮೇಲೆ ಸುದ್ದಿ ಹಿಡಿಯಲೆಂದೇ ಇರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಹಾರ್ಮೋನು ಒಳಗೆ ಬರುವುದೇ ಇಲ್ಲ, ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತದೆ. ಪೊರೆಯ ಒಳಮೈಗೆ ಅಂಟಿಕೊಂಡಿರುವ ಜಿ ಪ್ರೋಟೀನ್ ಅದನ್ನು ಕೇಳಿಸಿಕೊಂಡು ಎಚ್ಚರವಾಗುತ್ತದೆ. ಎಚ್ಚರವಾಗುವುದು ಅಂದರೆ ಜಿಟಿಪಿ ಅನ್ನುವ ಸಣ್ಣ ಅಣುವನ್ನು ಹಿಡಿದುಕೊಳ್ಳುವುದು. ಜಿಟಿಪಿ ಕೈಯಲ್ಲಿ ಇರುವ ತನಕ ಅದು ಪಕ್ಕದ ಒಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಕಿಣ್ವ ಸೈಕ್ಲಿಕ್ ಎಎಂಪಿ ಅನ್ನುವ ಅಣುಗಳನ್ನು ತಯಾರಿಸಿ ಕೋಶದ ತುಂಬಾ ಹರಡುತ್ತದೆ. ಸುದ್ದಿ ಹಬ್ಬುತ್ತದೆ. ಸ್ವಲ್ಪ ಹೊತ್ತಿನಲ್ಲೇ ಜಿ ಪ್ರೋಟೀನ್ ತನ್ನ ಕೈಯಲ್ಲಿರುವ ಜಿಟಿಪಿಯನ್ನು ತಾನೇ ಕತ್ತರಿಸಿ ಮತ್ತೆ ಮಲಗುತ್ತದೆ. ನೀರುಗಂಟಿ ತೂಬು ಮುಚ್ಚಿದ ಹಾಗೆ.

ರಾತ್ರಿ ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ನಿಮ್ಮ ಎದೆ ಡವಡವ ಅನ್ನುವುದೂ ಇದೇ ದಾರಿಯಲ್ಲಿ. ಅಡ್ರಿನಲಿನ್, ರಿಸೆಪ್ಟರ್, ಜಿ ಪ್ರೋಟೀನ್, ಸೈಕ್ಲಿಕ್ ಎಎಂಪಿ. ಸೈಕ್ಲಿಕ್ ಎಎಂಪಿ ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ, ಜಿ ಪ್ರೋಟೀನ್ ಕಂಡುಹಿಡಿದ ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಕರುಳಿನ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಹೆಚ್ಚಾದರೆ ತೆರೆಯುವ ತೂಬಿನ ಹೆಸರು ಸಿಎಫ್‌ಟಿಆರ್. ಅದರಿಂದ ಕ್ಲೋರೈಡ್ ಕರುಳಿನ ಕೊಳವೆಗೆ ಇಳಿಯುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಎರಡೂ ಸೇರಿದರೆ ಉಪ್ಪು, ಉಪ್ಪಿನ ಹಿಂದೆ ನೀರು. ನೀರನ್ನು ನೇರವಾಗಿ ಎತ್ತಿ ಹಾಕುವ ಪಂಪು ಜೀವಕೋಶದಲ್ಲಿ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಉಪ್ಪು ಎತ್ತ ಹೋದರೆ ನೀರು ಅತ್ತ.

ಈಗ ವಿಷದ ಕೆಲಸ ನೋಡಿ. ಕಾಲರಾ ವಿಷದಲ್ಲಿ ಆರು ತುಂಡು. ಐದು ಉಂಗುರದ ಹಾಗೆ ಸೇರಿಕೊಂಡು ಕೋಶದ ಮೇಲಿನ ಒಂದು ಬಗೆಯ ಕೊಬ್ಬನ್ನು ಹಿಡಿದುಕೊಳ್ಳುತ್ತವೆ. ಹಾಗೆ ಒಳಗೆ ಸೇರಿಕೊಂಡ ಮೇಲೆ ಆರನೆಯದರ ಒಂದು ಭಾಗ ಬೇರೆಯಾಗಿ ಜಿ ಪ್ರೋಟೀನ್ ಹತ್ತಿರ ಹೋಗುತ್ತದೆ. ಕೋಶದಲ್ಲೇ ಇರುವ ಎನ್‌ಎಡಿ ಅನ್ನುವ ಅಣುವಿನಿಂದ ಒಂದು ಚೂರು ಕಿತ್ತು, ಜಿ ಪ್ರೋಟೀನ್ ಅನ್ನುವ ಅಮೈನೋ ಆಮ್ಲಗಳ ಸರಪಳಿಯ 201ನೇ ಕೊಂಡಿಗೆ, ಅಂದರೆ ಅಲ್ಲಿರುವ ಆರ್ಜಿನಿನ್‌ಗೆ ಅಂಟಿಸುತ್ತದೆ. ಅಷ್ಟೇ. ಆ ಕೊಂಡಿಯೇ ಜಿಟಿಪಿ ಕತ್ತರಿಸಲು ಬೇಕಾದದ್ದು. ನೀರುಗಂಟಿ ತೂಬು ಎತ್ತಿದ್ದಾನೆ, ಮುಚ್ಚೋಣ ಅಂದರೆ ಕೈ ಕಟ್ಟಿಹಾಕಿದ್ದಾರೆ. ಕೆರೆ ಖಾಲಿಯಾಗುತ್ತದೆ.

ಈ ಗಂಟು ಬಿಚ್ಚುವ ಔಷಧಿ ಇವತ್ತಿಗೂ ಇಲ್ಲ. ಆದರೂ ಸರಿಯಾದ ಆರೈಕೆ ಸಿಕ್ಕರೆ ಕಾಲರಾದಲ್ಲಿ ನೂರಕ್ಕೆ ಒಬ್ಬರೂ ಸಾಯುವುದಿಲ್ಲ. ಆರೈಕೆ ಇಲ್ಲದಿದ್ದರೆ, ಜೋರಾಗಿ ಬಂದವರಲ್ಲಿ ಅರ್ಧದಷ್ಟು ಜನ ಹೋಗಬಹುದು. ಗಂಟು ಬಿಚ್ಚದೆ ಇದು ಹೇಗಾಯಿತು?

ಕೋಶಕ್ಕೆ ಇನ್ನೊಂದು ಬಾಗಿಲು ಇತ್ತು. ವಿಷಕ್ಕೆ ಆ ಬಾಗಿಲಿನ ತಂಟೆ ಇರಲಿಲ್ಲ.

ರಾಬರ್ಟ್ ಕ್ರೇನ್ ಅನ್ನುವ ಅಮೆರಿಕದ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಇದನ್ನು ಮೊದಲು ವಿವರಿಸಿದರು. ಅವರಿಗೆ ಕಾಲರಾದ ಚಿಂತೆ ಇರಲಿಲ್ಲ, ಕರುಳು ಸಕ್ಕರೆಯನ್ನು ಹೇಗೆ ಹೀರುತ್ತದೆ ಅಂತಷ್ಟೇ ಕೇಳುತ್ತಿದ್ದರು. ಗ್ಲೂಕೋಸ್ ಒಂಟಿಯಾಗಿ ಬಂದರೆ ಈ ಬಾಗಿಲು ತೆರೆಯುವುದಿಲ್ಲ. ಸೋಡಿಯಂ ಒಂಟಿಯಾಗಿ ಬಂದರೂ ಇಲ್ಲ. ಇಬ್ಬರೂ ಜೊತೆಗೆ ಬಂದರೆ ಒಟ್ಟಿಗೆ ಒಳಗೆ. ಸೋಡಿಯಂ ಒಳಗೆ ಹೋಯಿತು ಅಂದರೆ ನೀರೂ ಹಿಂದೆಯೇ ಒಳಗೆ ಹೋಗುತ್ತದೆ. ಬರೀ ನೀರು ಕುಡಿದರೆ ಕಾಲರಾ ರೋಗಿಗೆ ಸಾಲದು, ಬರೀ ಉಪ್ಪುನೀರು ಕೂಡ ಸಾಲದು. ಉಪ್ಪು, ಸಕ್ಕರೆ, ನೀರು ಮೂರೂ ಸೇರಿದರೆ, ಆ ಕಡೆ ತೂಬು ತೆರೆದೇ ಇದ್ದರೂ ಈ ಕಡೆಯಿಂದ ಕೆರೆ ತುಂಬುತ್ತಾ ಬರುತ್ತದೆ. ಅಜ್ಜಿಯ ಗಂಜಿ ಕೆಲಸ ಮಾಡಿದ್ದು ಇದಕ್ಕೇ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ, ಉಪ್ಪು ಅವರು ಮೊದಲೇ ಹಾಕಿರುತ್ತಿದ್ದರು.

ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಇದನ್ನು ಕಾಲರಾ ರೋಗಿಗಳ ಮೇಲೆ ಅಳತೆ ಮಾಡಿ ತೋರಿಸಿದರು. ಆದರೆ ದೊಡ್ಡ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ಸಮಯ. ಗಡಿ ದಾಟಿ ಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಬಂಗಾವ್ ಸುತ್ತಮುತ್ತ ಶಿಬಿರಗಳಲ್ಲಿ ಇದ್ದಾರೆ, ಕಾಲರಾ ಹಬ್ಬಿದೆ, ಆಸ್ಪತ್ರೆಯ ನೆಲದ ಮೇಲೂ ರೋಗಿಗಳು, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿದೆ. ಮಕ್ಕಳ ವೈದ್ಯ ದಿಲೀಪ್ ಮಹಾಲನೋಬಿಸ್ ಅಲ್ಲಿದ್ದರು. ಅವರ ತಂಡ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕಲಸಿಟ್ಟಿತು. ಕುಡಿಸಿದವರು ಬಹುಪಾಲು ರೋಗಿಗಳ ಮನೆಯವರೇ. ನರ್ಸ್ ಬೇಡ, ಸೂಜಿ ಬೇಡ. ನೂರಕ್ಕೆ 30ರ ಹತ್ತಿರ ಇದ್ದ ಸಾವು, ಈ ಡ್ರಮ್ಮಿನ ನೀರು ಕುಡಿದವರಲ್ಲಿ 3.6ಕ್ಕೆ ಇಳಿಯಿತು. ಒಆರ್‌ಎಸ್ ಅನ್ನುವ ಈ ಉಪ್ಪು ಸಕ್ಕರೆಯ ನೀರು ಜಗತ್ತಿಗೆಲ್ಲ ಹಬ್ಬಲು ಈ ಲೆಕ್ಕ ದೊಡ್ಡ ಕಾರಣ.

ಮೂರ್ನಾಲ್ಕು ದಿನ ಹೀಗೆ ಕೆರೆ ತುಂಬಿಸುತ್ತಾ ಇದ್ದರೆ ಸಾಕು. ಯಾಕೆ ಗೊತ್ತಾ? ಕರುಳಿನ ಒಳಪದರದ ಕೋಶಗಳ ಆಯಸ್ಸೇ ಮೂರರಿಂದ ಐದು ದಿನ. ಕೈ ಕಟ್ಟಿಸಿಕೊಂಡ ನೀರುಗಂಟಿಗಳೆಲ್ಲ ತಾವಾಗಿಯೇ ಉದುರಿ ಹೋಗುತ್ತಾರೆ, ಹೊಸಬರು ಬರುತ್ತಾರೆ. ಅಷ್ಟರಲ್ಲಿ ದೇಹ ರೋಗಾಣುವನ್ನೂ ಹೊರಗೆ ಹಾಕಿರುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೆ ಇದು ಬೇಗ ಆಗುತ್ತದೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಆ 201ನೇ ಕೊಂಡಿ ಇನ್ನೊಂದು ಕಡೆ ಸಿಕ್ಕಿತು. ದೊಡ್ಡವರಾದ ಮೇಲೂ ಕೈ, ಪಾದ, ದವಡೆ ದಪ್ಪವಾಗುತ್ತಾ ಹೋಗುವ ಅಕ್ರೊಮೆಗಲಿ ಅನ್ನುವ ಕಾಯಿಲೆ ಇದೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನನ್ನು ನಿಲ್ಲಿಸದೆ ಸುರಿಸುವುದರಿಂದ ಬರುತ್ತದೆ. 1989ರಲ್ಲಿ ಅಂಥ ಗೆಡ್ಡೆಗಳ ಜೀನ್ ಓದಿದಾಗ, ಸುಮಾರು ನೂರಕ್ಕೆ 40ರಲ್ಲಿ ಇದೇ ಜಿ ಪ್ರೋಟೀನ್ ಕೆಟ್ಟಿತ್ತು, ಅದರಲ್ಲೂ ಹೆಚ್ಚಿನವುಗಳಲ್ಲಿ ಕೆಟ್ಟದ್ದು ಅದೇ 201ನೇ ಆರ್ಜಿನಿನ್. ಕಾಲರಾ ರೋಗಾಣು ಕೈ ಹಾಕಿದ ಜಾಗವೇ! ಅಲ್ಲಿ ಹೊರಗಿನ ವಿಷ, ಇಲ್ಲಿ ಜೀನಿನಲ್ಲಿ ಒಂದು ಅಕ್ಷರದ ತಪ್ಪು. ಅಲ್ಲಿ ನೀರು, ಇಲ್ಲಿ ಮೂಳೆ. ಕಾಲರಾ ಬಗ್ಗೆ ಓದಿದವರಿಗೆ ಗೆಡ್ಡೆಯ ಗುಟ್ಟು ಅರ್ಥವಾಗುವುದು ಸುಲಭವಾಯಿತು.

ತೂಬಿನದೂ ಹಾಗೇ. ಸಿಎಫ್‌ಟಿಆರ್ ಜೀನ್ ಸಿಕ್ಕಿದ್ದೇ ಇನ್ನೊಂದು ಕಾಯಿಲೆಯಿಂದ, 1989ರಲ್ಲಿ. ಸಿಸ್ಟಿಕ್ ಫೈಬ್ರೋಸಿಸ್. ಅಲ್ಲಿ ತೂಬು ತೆರೆಯುವುದಿಲ್ಲ, ಅಥವಾ ತೂಬೇ ಕೋಶದ ಮೇಲ್ಮೈಗೆ ಬಂದು ಸೇರುವುದಿಲ್ಲ. ಶ್ವಾಸಕೋಶದ ಕಫ ಅಂಟಂಟಾಗಿ ಗಟ್ಟಿಯಾಗುತ್ತದೆ. ಆ ತೂಬನ್ನು ಸರಿಯಾಗಿ ಮಡಚಿ ಮೇಲಕ್ಕೆ ತರುವ ಮಾತ್ರೆಗಳು ಈಗ ಬಂದಿವೆ, ಆದರೆ ಬೆಲೆ ಬಹುಪಾಲು ಕುಟುಂಬಗಳ ಕೈಗೆ ಎಟುಕುವಂಥದ್ದಲ್ಲ. ಇದು ನನಗೆ ಬಹಳ ನೋವಿನ ವಿಷಯ.

ಶಂಭುನಾಥ್ ಡೇ ಅವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು. 1978ರಲ್ಲಿ ಸ್ವೀಡನ್ನಿನಲ್ಲಿ ಕಾಲರಾ ಬಗ್ಗೆ ನಡೆದ ನೊಬೆಲ್ ವಿಚಾರಗೋಷ್ಠಿಗೆ ಇವರನ್ನು ಕರೆದಿದ್ದರು. ನಮ್ಮ ದೇಶದಲ್ಲಿ ಮಾತ್ರ ಬದುಕಿದ್ದಾಗ ಇವರಿಗೆ ಯಾವ ದೊಡ್ಡ ಗೌರವವೂ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಇವರ ಕೆಲಸಕ್ಕೆಂದೇ ಒಂದು ವಿಶೇಷ ಸಂಚಿಕೆ ತಂದಿತು. ಸಿಕ್ಕರೆ ಹುಡುಕಿ ಓದಿ, ವಿಶೇಷವಾಗಿ ಇಲ್ಲಿ ಕೂತಿರುವ ವಿದ್ಯಾರ್ಥಿಗಳು.

ಕೊನೆಗೆ ಮನೆಗೆ ಬೇಕಾದದ್ದು. ಒಆರ್‌ಎಸ್ ಪೊಟ್ಟಣ ಮನೆಯಲ್ಲಿ ಎರಡು ಇಟ್ಟಿರಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಪೂರ್ತಿ ಒಂದೇ ಸಲ ಕಲಸಬೇಕು. ಅರ್ಧ ಪುಡಿ ಅರ್ಧ ಲೋಟ ಅಂತ ಅಂದಾಜು ಮಾಡಬೇಡಿ, ಮೇಲೆ ಸಕ್ಕರೆ ಸೇರಿಸಬೇಡಿ. ಸಕ್ಕರೆ ಜಾಸ್ತಿಯಾದರೆ ಅದೇ ಕರುಳಿನೊಳಗೆ ನೀರು ಎಳೆದುಕೊಂಡು ಭೇದಿ ಹೆಚ್ಚಾಗುತ್ತದೆ. ಅಂಗಡಿಯ ಸಿಹಿ ಜ್ಯೂಸು ಒಆರ್‌ಎಸ್ ಆಗದೆ ಇರುವುದು ಇದಕ್ಕೇ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಗೀಟಿ ಮಟ್ಟ ಮಾಡಿ ಹಾಕಿ. ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಉಚ್ಚೆ ನಿಂತರೆ ತಕ್ಷಣ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಾ ಹೋಗಿ. ಕುಡಿದದ್ದನ್ನು ವಾಂತಿ ಮಾಡಿತು ಅಂತ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ಮತ್ತೆ ಒಂದೊಂದೇ ಚಮಚ.